ಗೆದ್ದ ದಿನದ ಅಳತೆ

ಅವರು ಶಾಸಕರಾಗಿದ್ದುದು ಐದು ವರ್ಷ, ಮಾಜಿ ಶಾಸಕರಾಗಿ ಆಗಲೇ ಇಪ್ಪತ್ತು ವರ್ಷ. ಹಾಗಾಗಿ ಎರಡನೆಯ ಕೆಲಸದಲ್ಲೇ ಅವರಿಗೆ ಅನುಭವ ಹೆಚ್ಚು. ಮನೆಯ ಗೇಟಿನ ಮೇಲೆ, ಕಾರಿನ ಗಾಜಿನ ಮೇಲೆ, ಜೇಬಿನ ಕಾರ್ಡಿನ ಮೇಲೆ, ಕೊನೆಗೆ ಊಟದ ಡಬ್ಬಿಯ ಮುಚ್ಚಳದ ಮೇಲೂ ‘ಮಾಜಿ ಶಾಸಕರು’ ಎಂದು ಬರೆಸಿದ್ದರು. ‘ಮಾಜಿ’ ಚಿಕ್ಕ ಅಕ್ಷರದಲ್ಲಿ, ‘ಶಾಸಕರು’ ದೊಡ್ಡ ಅಕ್ಷರದಲ್ಲಿ. ಜನ ಮಾತ್ರ ಅವರನ್ನು ನೂರಹನ್ನೆರಡು ಎಂದೇ ಕರೆಯುತ್ತಿದ್ದರು. ಆರು ಚುನಾವಣೆಗೆ ನಿಂತು ಅವರು ಗೆದ್ದದ್ದು ಒಂದೇ ಸಲ, ಅದೂ ನೂರ ಹನ್ನೆರಡು ವೋಟಿನಿಂದ.

ಆ ನೂರ ಹನ್ನೆರಡು ವೋಟನ್ನು ಅವರ ಉಡಿಗೆ ಹಾಕಿದವನು ಒಬ್ಬ ದರ್ಜಿ. ಹಾಕಿದ ತಪ್ಪಿಗೆ ಇಪ್ಪತ್ತೈದು ವರ್ಷ ಮಾತು ಕೇಳಿದವನೂ ಅವನೇ.

ದರ್ಜಿಯ ಅಂಗಡಿ ಇದ್ದದ್ದು ದಿಬ್ಬದ ಬೀದಿಯಲ್ಲಿ. ಮುಖ್ಯ ರಸ್ತೆಯಿಂದ ಅರವತ್ತೊಂದು ಕಲ್ಲಿನ ಮೆಟ್ಟಿಲು ಹತ್ತಿದರೆ ಸಿಗುವ ಬೀದಿ ಅದು. ಮೆಟ್ಟಿಲು ಮುಗಿಯುವಲ್ಲಿಯೇ ಅವನ ಅಂಗಡಿ, ಪಕ್ಕದಲ್ಲಿ ಗಡಿಯಾರ ರಿಪೇರಿಯವನದು, ಆಮೇಲೆ ಒಂದಕ್ಕೊಂದು ಅಂಟಿಕೊಂಡ ಮನೆಗಳು. ನೀರಿನ ನಲ್ಲಿ ಇದ್ದದ್ದು ಕೆಳಗೆ, ಮೊದಲ ಮೆಟ್ಟಿಲಿನ ಬಳಿ. ಬೆಳಿಗ್ಗೆ ಎರಡು ಗಂಟೆ ಹೊತ್ತು ನೀರು ಬರುತ್ತಿತ್ತು. ದರ್ಜಿಯ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಹೊಲಿಗೆ ಯಂತ್ರ ತುಳಿಯಲು ಸಾಕಾಗುತ್ತಿತ್ತೇ ಹೊರತು ಕೊಡ ಹೊತ್ತು ಮೆಟ್ಟಿಲು ಹತ್ತಲು ಸಾಕಾಗುತ್ತಿರಲಿಲ್ಲ. ಹಾಗಾಗಿ ಮದುವೆಯಾದ ಮರುದಿನದಿಂದ ನೀರು ಹೊತ್ತವಳು ಅವನ ಹೆಂಡತಿ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ನೀರು ಮುಗಿಸಿ ಬಂದು ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದಳು. ಬೀದಿಯ ಪಾಲಿಗೆ ಅವಳು ಕಾಜಾದಕ್ಕ.

ಏಳನೆಯ ಚುನಾವಣೆ ಘೋಷಣೆಯಾದ ಎರಡನೆಯ ವಾರದ ಸೋಮವಾರ ನೂರಹನ್ನೆರಡು ಅರವತ್ತೊಂದು ಮೆಟ್ಟಿಲು ಹತ್ತಿ ಬಂದರು. ನಡುವೆ ನಾಲ್ಕು ಸಲ ನಿಂತು, ಜನರಿಗೆ ಕೈ ಮುಗಿಯುವ ನೆಪದಲ್ಲಿ ಉಸಿರು ತೆಗೆದುಕೊಂಡರು. ಹಿಂದೆ ಅವರ ನೆರಳಿನಂತಿರುವ ಒಬ್ಬ ಹಿಂಬಾಲಕ. ಸಾಹೇಬರು ಏನಂದರೂ ‘ಹೌದ್ ಸಾರ್’ ಎನ್ನುತ್ತಿದ್ದುದರಿಂದ ಅವನಿಗೆ ಹೌದ್ಸಾರ್ ಎಂದೇ ಹೆಸರು. ಅವನ ತೋಳಿನ ಮೇಲೆ ಮಡಿಸಿದ ಒಂದು ಕೋಟು.

ದರ್ಜಿಗೆ ಕೋಟಿನ ಗುರುತು ಹತ್ತಿತು. ಬೂದು ಬಣ್ಣದ ಉಣ್ಣೆಯ ಬಟ್ಟೆ, ಮುಚ್ಚಿದ ಕೊರಳು, ಐದು ಗುಂಡಿ. ಅವನೇ ಹೊಲಿದದ್ದು.

“ಏನ್ ಮಾಸ್ಟ್ರೇ, ನಿಮಗೆ ವಯಸ್ಸೇ ಆಗಲ್ವಲ್ರೀ!” ಎಂದರು ನೂರಹನ್ನೆರಡು.

“ಆಗಿದೆ ಸಾರ್. ಕೂತ್ಕೊಳ್ಳಿ.”

“ಕೂರೋಕೆ ಪುರುಸೊತ್ತೆಲ್ಲಿ? ಟಿಕೆಟ್ ಸಿಕ್ಕಿದೆ. ಪಾರ್ಟಿಯೋರು ಮನೆ ಬಾಗಿಲಿಗೇ ಬಂದು ನೀವೇ ನಿಲ್ಲಬೇಕು ಅಂದ್ರು.”

“ಹೌದ್ ಸಾರ್,” ಎಂದ ಹೌದ್ಸಾರ್. ಬೇರೆ ಯಾರೂ ನಿಲ್ಲಲು ಒಪ್ಪಲಿಲ್ಲ ಎಂಬುದು ಕೆಳಗಿನ ರಸ್ತೆಯ ಹಣ್ಣಿನ ಗಾಡಿಯವನಿಗೂ ಗೊತ್ತಿತ್ತು.

“ಈ ಕೋಟಲ್ಲೇ ಗೆದ್ದಿದ್ದು, ಈ ಕೋಟಲ್ಲೇ ಗೆಲ್ಲಬೇಕು. ಸ್ವಲ್ಪ ಬಿಗಿ ಆಗಿದೆ, ಒಂಚೂರು ಲೂಸ್ ಮಾಡಿಬಿಡಿ.”

ದರ್ಜಿ ಟೇಪು ತೆಗೆದು ಅವರ ಹೊಟ್ಟೆಯ ಸುತ್ತ ತಂದ. “ಉಸಿರು ಬಿಡಿ ಸಾರ್.”

“ಬಿಟ್ಟೇ ಇದೀನಲ್ರೀ.”

“ನಲವತ್ತಾರು.”

“ನಿಮ್ಮ ಟೇಪು ಹಳೇದು. ಹಿಗ್ಗಿಹೋಗಿದೆ.”

ಟೇಪು ಹಿಗ್ಗಿದರೆ ಅಳತೆ ಕಡಿಮೆ ತೋರಿಸುತ್ತದೆಯೇ ಹೊರತು ಹೆಚ್ಚಲ್ಲ ಎಂದು ದರ್ಜಿ ಹೇಳಲಿಲ್ಲ. ಅಳತೆ ಪುಸ್ತಕದಲ್ಲಿ ನಲವತ್ತಾರು ಎಂದು ಬರೆದುಕೊಂಡ.

“ಭಾನುವಾರ ಹತ್ತು ಗಂಟೆಗೆ ಇಲ್ಲೇ, ನಿಮ್ಮ ಅಂಗಡಿ ಮುಂದೇನೇ ಸಭೆ,” ಎಂದರು ನೂರಹನ್ನೆರಡು. “ಬೀದಿಯೋರ ಎದುರಿಗೇ ಕೋಟು ಹಾಕ್ಕೋತೀನಿ. ಆಮೇಲೆ ನೀವು ಎರಡು ಮಾತಾಡಬೇಕು, ಆವತ್ತು ಆಡಿದ್ರಲ್ಲ, ಹಾಗೆ. ಪೈಪಿನ ವಿಷಯ ನಾನು ಮರೆತಿಲ್ಲ. ಗೆದ್ದ ಆರು ತಿಂಗಳಲ್ಲಿ ಮನೆಮನೆಗೆ ನಲ್ಲಿ.”

ಮೂಲೆಯಲ್ಲಿ ಕಾಜಾದಕ್ಕ ತಲೆ ಎತ್ತದೆ ಕೇಳಿದಳು: “ಯಾವ ಆರು ತಿಂಗಳು ಸಾಹೇಬ್ರೇ? ಹಳೇದಾ, ಹೊಸದಾ?”

ನೂರಹನ್ನೆರಡು ದೊಡ್ಡದಾಗಿ ನಕ್ಕರು. ಉತ್ತರ ಹೇಳಬೇಕಾದ ಕಡೆಯೆಲ್ಲ ನಗುವುದು ಅವರು ರಾಜಕೀಯದಲ್ಲಿ ಕಲಿತ ಒಂದೇ ವಿದ್ಯೆ. ನಗುತ್ತಲೇ ಮೆಟ್ಟಿಲು ಇಳಿದರು. ಇಳಿಯುವಾಗ ನಡುವೆ ಎಲ್ಲೂ ನಿಲ್ಲಲಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ, ಇದೇ ಕನ್ನಡಿಯ ಮುಂದೆ ಅವರು ತೋಳು ಚಾಚಿ ನಿಂತಿದ್ದರು. ಆಗ ಹೊಟ್ಟೆಯ ಅಳತೆ ಮೂವತ್ತನಾಲ್ಕು. ಅದಕ್ಕೂ ಮೊದಲು ಒಮ್ಮೆ ಬಾಚಣಿಗೆ ಗುರುತಿನಲ್ಲಿ ಪಕ್ಷೇತರರಾಗಿ ನಿಂತು ನಾಲ್ಕನೆಯವರಾಗಿ ಬಂದಿದ್ದರು. ಸೋತ ಮುಖದಲ್ಲಿ ಒಂದು ವಿನಯವಿತ್ತು. ದರ್ಜಿಗೆ ಆಗ ಇಪ್ಪತ್ತೊಂಬತ್ತು. ಅಂಗಡಿಯನ್ನು ಮಾವನಿಂದ ವಹಿಸಿಕೊಂಡು ಎರಡು ವರ್ಷವಾಗಿತ್ತು. ಮಾವ ದೊಡ್ಡ ಕೆಲಸಗಾರ. ಕೋಟಿನ ಹೊಲಿಗೆಯ ಒಳಗೆ ಎಲ್ಲರಿಗೂ ಅರ್ಧ ಇಂಚು ಬಟ್ಟೆ ಹೆಚ್ಚು ಬಿಡುತ್ತಿದ್ದವರು, ರಾಜಕೀಯದವರಿಗೆ ಮಾತ್ರ ಒಂದೂವರೆ ಇಂಚು ಬಿಡುತ್ತಿದ್ದರು. “ಗೆದ್ದರೆ ಬೇಕಾಗತ್ತೆ ಕಣಯ್ಯ,” ಎನ್ನುತ್ತಿದ್ದರು. ಬೆನ್ನಿನ ನಡುವೆ ಒಂದು ಹೊಲಿಗೆ, ಎರಡು ಪಕ್ಕಕ್ಕೆ ಎರಡು, ಪ್ರತಿ ಹೊಲಿಗೆಗೂ ಎರಡು ಅಂಚು. ಒಟ್ಟು ಒಂಬತ್ತು ಇಂಚು ಒಳಗೇ ಅಡಗಿ ಕೂತಿರುತ್ತಿತ್ತು. ಅಳಿಯ ಅದನ್ನೇ ಕಣ್ಣಿಗೊತ್ತಿಕೊಂಡು ಪಾಲಿಸಿದ.

ಟ್ರಯಲ್ಲಿಗೆ ಬಂದ ದಿನ, ಕಾಜಾದಕ್ಕ ಕೊಡ ಹೊತ್ತು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದ್ದನ್ನು ಅವರು ಕನ್ನಡಿಯಲ್ಲಿ ನೋಡಿದರು. “ಛೆ, ನಮ್ಮ ತಂಗಿ ಹೀಗೆ ಹೊರೋದಾ?” ಎಂದರು. “ಮಾಸ್ಟ್ರೇ, ನಾನು ಗೆದ್ದ ಆರು ತಿಂಗಳಲ್ಲಿ ಈ ಬೀದಿಗೆ ಪೈಪು ಬರತ್ತೆ. ಇದು ಮಾತು.” ಅವರ ಕಣ್ಣಲ್ಲಿ ನೀರೂ ಇತ್ತು. ಆ ನೀರೂ ಪೈಪಿಲ್ಲದೆ ಬಂದದ್ದು ಎಂದು ಗಡಿಯಾರದವನು ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ನಕ್ಕ.

ದರ್ಜಿ ನಂಬಿದ. ಅವನೂ ಮಾತಿನ ಮನುಷ್ಯನೇ. ಗುರುವಾರ ಕೊಡುತ್ತೇನೆ ಅಂದರೆ ಬಟ್ಟೆ ಗುರುವಾರ ಸಿದ್ಧ. ಜ್ವರ ಬಂದಿರಲಿ, ಕರೆಂಟು ಹೋಗಿರಲಿ. ದರ್ಜಿಗಳಲ್ಲಿ ಇಂಥವನು ಸಿಗುವುದಿಲ್ಲ ಎಂದು ಜನ ಬೇರೆ ಬಡಾವಣೆಗಳಿಂದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಆ ಸಲ ಅವನು ಗಿಡ್ಡ ಕಾಲು ಎಳೆದುಕೊಂಡು ಬೀದಿಯ ಮನೆಮನೆಗೆ ಹೋದ. “ಇವರಿಗೆ ಹಾಕಿ. ಪೈಪು ಬರತ್ತೆ. ನನ್ನ ಮಾತು ಅಂತ ಇಟ್ಕೊಳ್ಳಿ,” ಎಂದ. ಚುನಾವಣೆಯ ಹಿಂದಿನ ವಾರ ಮೆಟ್ಟಿಲ ಮೇಲೆ ನಿಂತು ಅದನ್ನೇ ಎಲ್ಲರೆದುರು ಹೇಳಿದ. ಬೀದಿಯಲ್ಲಿ ಇದ್ದದ್ದು ನೂರ ಮೂವತ್ತು ವೋಟು. ಗೆಲುವಿನ ಅಂತರ ನೂರ ಹನ್ನೆರಡು. ಕೂಡಿಸಿ ಕಳೆಯಲು ಬರುವ ಯಾರಿಗಾದರೂ ತಿಳಿಯುತ್ತಿತ್ತು, ಶಾಸಕರು ಹೊಲಿಸಿಕೊಂಡದ್ದು ಬರೀ ಕೋಟಲ್ಲ ಎಂದು.

ಗೆದ್ದ ಐದನೆಯ ತಿಂಗಳಲ್ಲಿ ಮೆಟ್ಟಿಲಿನ ಬುಡದಲ್ಲಿ ಒಂದು ಅಡಿಗಲ್ಲು ನಿಂತಿತು. ಶಾಸಕರ ಹೆಸರು ಅಂಗೈ ಅಗಲದ ಅಕ್ಷರದಲ್ಲಿ, ಕೆಲಸ ಏನೆಂಬುದು ಉಗುರಿನಷ್ಟು ಅಕ್ಷರದಲ್ಲಿ. ಕಲ್ಲಿನ ಪಕ್ಕ ಹನ್ನೊಂದು ಪೈಪು ತಂದು ಮಲಗಿಸಿದರು. ಎಂಟು ತಿಂಗಳಾದ ಮೇಲೆ ಒಂದು ಲಾರಿ ಬಂದು ಹನ್ನೊಂದನ್ನೂ ಹೊತ್ತುಕೊಂಡು ಹೋಯಿತು. ಅವು ಶಾಸಕರ ಹೊಸ ಮನೆಯ ತೋಟದಲ್ಲಿ ಕಾಣಿಸಿಕೊಂಡವು ಎಂದು ಕೆಲವರು ಅಂದರು. ದರ್ಜಿ ನೋಡಿರಲಿಲ್ಲ, ನೋಡದ್ದನ್ನು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಕಲ್ಲು ಮಾತ್ರ ಉಳಿಯಿತು. ಹೆಂಗಸರು ಅದರ ಮೇಲೆ ಕೊಡ ಇಟ್ಟು ಸುಧಾರಿಸಿಕೊಳ್ಳುತ್ತಿದ್ದರು.

ಐದು ವರ್ಷದಲ್ಲಿ ಶಾಸಕರು ಸದನದಲ್ಲಿ ಎದ್ದು ನಿಂತು ಮಾತಾಡಿದ್ದು ಒಂದು ಸಲ. ಪತ್ರಿಕೆಯ ಒಳಪುಟದಲ್ಲಿ ಬಂದ ಆ ಸುದ್ದಿಯನ್ನು ಗಡಿಯಾರದವನು ಕತ್ತರಿಸಿ ಗಾಜಿನ ಕೆಳಗೆ ಇಟ್ಟುಕೊಂಡಿದ್ದ. ತಮ್ಮ ಬೆನ್ನ ಹಿಂದಿನ ಕಿಟಕಿಯಿಂದ ಗಾಳಿ ಬರುತ್ತಿದೆ, ದಯವಿಟ್ಟು ಮುಚ್ಚಿಸಬೇಕು ಎಂದು ಅವರು ಸಭಾಧ್ಯಕ್ಷರನ್ನು ಕೋರಿದ್ದರು. ಕಿಟಕಿ ಮುಚ್ಚಿಸಲಾಯಿತು. ಅವರು ಆಡಿ ನೆರವೇರಿದ ಮಾತು ಅದೊಂದೇ.

ಮುಂದಿನ ಚುನಾವಣೆಗೆ ಕೋಟು ಬಿಗಿಯಾಯಿತು. ದರ್ಜಿ ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆಯನ್ನು ಎರಡು ಇಂಚು ಹೊರಗೆ ಬಿಟ್ಟ: ಮೂವತ್ತಾರು. ಆರು ಸಾವಿರ ವೋಟಿನಿಂದ ಸೋತರು. ಅದರ ಮುಂದಿನ ಸಲ, ಹತ್ತು ವರ್ಷ ಕಳ್ಳರು ಎಂದು ಬೈದಿದ್ದ ಪಾರ್ಟಿಯನ್ನೇ ಸೇರಿ ನಿಂತರು: ಮೂವತ್ತೊಂಬತ್ತು, ಮೂರನೆಯ ಸ್ಥಾನ. ಆಮೇಲೆ ತಾವೇ ಒಂದು ಪಾರ್ಟಿ ಕಟ್ಟಿದರು. ಅಧ್ಯಕ್ಷರು ತಾವು, ಕಾರ್ಯದರ್ಶಿ ಹೆಂಡತಿಯ ತಮ್ಮ, ಸದಸ್ಯ ಹೌದ್ಸಾರ್: ನಲವತ್ತೊಂದು, ಠೇವಣಿ ಹೋಯಿತು. ಆರನೆಯ ಚುನಾವಣೆಯ ಹೊತ್ತಿಗೆ, ತಾಯಿಯ ಮಡಿಲಿಗೆ ಮರಳಿದ್ದೇನೆ ಎಂದು ಮೊದಲಿನ ಪಾರ್ಟಿಗೆ ಬಂದರು. ಆ ತಾಯಿ ಟಿಕೆಟ್ ಕೊಡಲಿಲ್ಲ. ಹಠಕ್ಕೆ ಬಿದ್ದು ಪಕ್ಷೇತರರಾಗಿ ನಿಂತರು: ನಲವತ್ತಮೂರು, ಮತ್ತೆ ಠೇವಣಿ ಹೋಯಿತು. ಸೋತಷ್ಟೂ ಹೊಟ್ಟೆ ಬೆಳೆಯಿತು. ಗೆದ್ದರೆ ಬೇಕಾಗತ್ತೆ ಎಂಬ ಮಾವನ ಲೆಕ್ಕದಲ್ಲಿ ಬಿಟ್ಟಿದ್ದ ಬಟ್ಟೆ ಸೋಲಿಗೇ ಖರ್ಚಾಯಿತು.

ಪ್ರತಿ ಸಲ ಕೋಟು ದೊಡ್ಡದು ಮಾಡುವಾಗ ದರ್ಜಿ ಪೈಪಿನ ವಿಷಯ ಕೇಳುತ್ತಿದ್ದ. ಪ್ರತಿ ಸಲ ಅವರು, “ಗೆದ್ದರೆ ತಾನೇ ಮಾಸ್ಟ್ರೇ,” ಎನ್ನುತ್ತಿದ್ದರು. ಬೀದಿಯವರು ಅವರನ್ನು ಮರೆತರು, ದರ್ಜಿಯನ್ನು ಮರೆಯಲಿಲ್ಲ. ಮಾತು ಕೊಟ್ಟದ್ದು ಅವನಲ್ಲವೇ? ಬಟ್ಟೆ ಕೊಡಲು ಬಂದವರು ಈಗಲೂ ಕೇಳುತ್ತಿದ್ದರು: “ಗುರುವಾರ ಅಂದ್ರೆ ಯಾವ ಗುರುವಾರ ಮಾಸ್ಟ್ರೇ? ನಿಮ್ಮದಾ, ನೂರಹನ್ನೆರಡರದಾ?” ತಮಾಷೆಗೇ ಕೇಳುತ್ತಿದ್ದರು. ಆದರೆ ಪ್ರತಿ ಸಲವೂ ಆ ಮಾತು ಉಗುರಿನ ಸಂದಿಗೆ ಸೂಜಿ ಹೊಕ್ಕ ಹಾಗೆ ಚುಚ್ಚುತ್ತಿತ್ತು.

ಕಳೆದ ವರ್ಷದಿಂದ ಕಾಜಾದಕ್ಕನ ಕತ್ತು ಬಲಕ್ಕೆ ತಿರುಗುತ್ತಿರಲಿಲ್ಲ. ಕತ್ತಿನ ಮೂಳೆ ಸವೆದಿದೆ, ತಲೆಯ ಮೇಲೆ ಭಾರ ಹೊರಬೇಡಿ ಎಂದಿದ್ದರು ಡಾಕ್ಟರು. “ಹಾಗಾದ್ರೆ ನೀರನ್ನ ಜೇಬಲ್ಲಿ ತರ್ಲಾ ಅಂತ ಕೇಳಿದೆ,” ಎಂದು ಅವಳು ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು.

ಆ ಸೋಮವಾರ ನೂರಹನ್ನೆರಡು ಇಳಿದುಹೋದ ಮೇಲೆ ಅವಳು ನಗಲಿಲ್ಲ. ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.

“ಏನ್ರೀ, ಭಾನುವಾರ ಮಾತಾಡ್ತೀರಾ?”

“ನೋಡೋಣ.”

“ನೋಡೋಕೇನಿದೆ? ಇಪ್ಪತ್ತೈದು ವರ್ಷ ನೋಡಿದೀವಲ್ಲ.”

“ಅಲ್ವೇ, ಒಂದು ವೇಳೆ ಈ ಸಲ ಗೆದ್ದುಬಿಟ್ರೆ? ಪೈಪು ಬಂದುಬಿಟ್ರೆ? ನನ್ನ ಮಾತು ತಡವಾಗಾದ್ರೂ ಉಳಿದ ಹಾಗಾಗಲ್ವಾ?”

ಅದೇ ಅವನ ಮನಸ್ಸಿನಲ್ಲಿ ಇದ್ದದ್ದು. ಬರಬೇಕಾಗಿದ್ದ ಗುರುವಾರ ಕೊನೆಗೊಮ್ಮೆ ಬಂದುಬಿಡಲಿ ಎಂಬ ಆಸೆ. ಅವನು ಅದನ್ನು ಅವಳೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ನಿಮ್ಮ ಮಾತು ಉಳಿಸೋಕೆ ನನ್ನ ಕತ್ತು ಹೋಯ್ತು,” ಎಂದಳು ಅವಳು. “ಆ ಮೆಟ್ಟಿಲ ಮೇಲೆ ಇನ್ನೊಂದು ಸಲ ಅವರ ಪರ ಬಾಯಿ ತೆಗೆದ್ರೆ, ಮಾರನೇ ದಿನದಿಂದ ನೀರು ನೀವೇ ತನ್ನಿ. ಆ ಕಾಲಲ್ಲೇ ತನ್ನಿ.”

ಮದುವೆಯಾದಾಗಿನಿಂದ ಅವಳು ಅವನ ಕಾಲಿನ ಮಾತು ಎತ್ತಿರಲಿಲ್ಲ. ದರ್ಜಿ ಆ ದಿನವಿಡೀ ಯಂತ್ರ ತುಳಿದರೂ ಒಂದು ಅಂಗಿಯ ಕೊರಳುಪಟ್ಟಿಯನ್ನು ಎರಡು ಸಲ ತಲೆಕೆಳಗಾಗಿ ಹೊಲಿದ.

ಗುರುವಾರ ಮಧ್ಯಾಹ್ನ ಅವನು ಕೋಟನ್ನು ಮೇಜಿನ ಮೇಲೆ ಹರಡಿ, ಒಳಪದರದ ಅಸ್ತರು ಬಿಚ್ಚಿ ತಿರುವಿಹಾಕಿದ. ಒಳಗೆ ಒಂದು ಎಳೆ ಬಟ್ಟೆಯೂ ಉಳಿದಿರಲಿಲ್ಲ. ಹೊಲಿಗೆ ಬಟ್ಟೆಯ ತುತ್ತತುದಿಗೆ ಬಂದು ನಿಂತಿತ್ತು. ಹಳೆಯ ಹೊಲಿಗೆಗಳು ಹೋದ ಜಾಗದಲ್ಲಿ ಸೂಜಿಯ ತೂತುಗಳ ಸಾಲು ಉಳಿದಿತ್ತು, ಒಂದರ ಪಕ್ಕ ಒಂದು, ನಾಲ್ಕು ಸಾಲು. ದರ್ಜಿ ಹೊರಗಿನ ಸಾಲಿನಿಂದ ಒಳಗಿನ ಸಾಲಿಗೆ ಬೆರಳಾಡಿಸುತ್ತಾ ಹೋದ. ತುದಿಯಲ್ಲಿ ಈಗಿನ ಹೊಲಿಗೆ, ಅದು ಹೋದ ಸಲದ್ದು. ನಂತರ ನಲವತ್ತೊಂದು. ಮೂವತ್ತೊಂಬತ್ತು. ಮೂವತ್ತಾರು. ಎಲ್ಲಕ್ಕಿಂತ ಒಳಗೆ, ಮಾಸಿಹೋದ ಒಂದು ಸಾಲು, ಮೂವತ್ತನಾಲ್ಕು. ಆ ಮನುಷ್ಯನ ಇಡೀ ರಾಜಕೀಯ ಅಲ್ಲಿತ್ತು, ಯಾವ ಪತ್ರಿಕೆಯಲ್ಲೂ ಇಷ್ಟು ಕರಾರುವಾಕ್ಕಾಗಿ ಇರಲಿಲ್ಲ.

ಇದನ್ನು ಬೆಳೆಯಲು ಬಿಟ್ಟವನು ನಾನೇ, ಅಂದುಕೊಂಡ ದರ್ಜಿ. ಒಂಬತ್ತು ಇಂಚು ಜಾಗ ಮೊದಲೇ ಮಾಡಿಕೊಟ್ಟೆ. ಬೇಕು ಬೇಕಾದಾಗ ಬಿಚ್ಚಿ ಬಿಚ್ಚಿ ಕೊಟ್ಟೆ. ಒಮ್ಮೆಯಾದರೂ ಆಗುವುದಿಲ್ಲ ಅಂದೆನೇ?

ಪೆಟ್ಟಿಗೆಯಲ್ಲಿ ಅದೇ ಬೂದು ಬಟ್ಟೆಯ ಒಂದು ತುಂಡು ಇತ್ತು. ಹೊಲಿದು ಮಿಕ್ಕದ್ದನ್ನು ಅವನು ಯಾವತ್ತೂ ಎಸೆದವನಲ್ಲ. ಎರಡು ಪಕ್ಕಕ್ಕೂ ಒಂದೊಂದು ಪಟ್ಟಿ ಕೂಡಿಸಿದರೆ ನಲವತ್ತಾರಕ್ಕೆ ಸಲೀಸಾಗಿ ಬರುತ್ತಿತ್ತು. ತುಂಡನ್ನು ತೆಗೆದು ಕೋಟಿನ ಪಕ್ಕ ಇಟ್ಟ. ಕತ್ತರಿ ಕೈಗೆತ್ತಿಕೊಂಡ. ಮೂಲೆಯಲ್ಲಿ ಕಾಜಾದಕ್ಕ ದಾರ ಹಲ್ಲಿನಿಂದ ಕಡಿಯಲು ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸಿದಳು.

ದರ್ಜಿ ಕತ್ತರಿ ಕೆಳಗಿಟ್ಟ. ತುಂಡನ್ನು ಮಡಿಸಿ ಪೆಟ್ಟಿಗೆಗೆ ಹಾಕಿದ. ಸೀಮೆಸುಣ್ಣ ತೆಗೆದು, ಎಲ್ಲಕ್ಕಿಂತ ಒಳಗಿನ ಆ ಮಾಸಿದ ತೂತುಗಳ ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದ. ಆಮೇಲೆ ಯಂತ್ರಕ್ಕೆ ಕೋಟನ್ನು ಕೊಟ್ಟು, ಗೆರೆ ತಪ್ಪದೆ ಹೊಲಿದ. ಬೆನ್ನಿಗೆ ಒಂದು ಹೊಲಿಗೆ, ಪಕ್ಕಗಳಿಗೆ ಎರಡು. ಅಸ್ತರು ಕೂಡಿಸಿ, ಇಸ್ತ್ರಿ ಮಾಡಿ, ಗೋಡೆಯ ಮೊಳೆಗೆ ನೇತುಹಾಕಿದ. ಅದು ಎಳೆಯ ಮನುಷ್ಯನೊಬ್ಬನ ಕೋಟಿನಂತೆ ಕಾಣುತ್ತಿತ್ತು.

ಕಾಜಾದಕ್ಕ ಅದನ್ನು ನೋಡಿದಳು. ಬಿಚ್ಚಿಕೊಂಡಿದ್ದ ಐದನೆಯ ಗುಂಡಿಯನ್ನು ತಾನೇ ಬಿಗಿಯಾಗಿ ಹಾಕಿಕೊಟ್ಟಳು.

ಭಾನುವಾರ ಹತ್ತಕ್ಕೆ ಬರಬೇಕಾದವರು ಹನ್ನೊಂದೂಕಾಲಿಗೆ ಬಂದರು. ಮೆಟ್ಟಿಲ ಮೇಲೆ ನಲವತ್ತು ಐವತ್ತು ಜನ ಕೂತಿದ್ದರು. ಅರ್ಧ ಜನ ಗಾಡಿಯಲ್ಲಿ ಬಂದವರು, ಉಳಿದರ್ಧ ಬೀದಿಯವರು. ಬೀದಿಯವರು ಬಂದದ್ದು ದರ್ಜಿ ಏನು ಹೇಳುತ್ತಾನೆ ಎಂದು ಕೇಳಲು. ಗಡಿಯಾರದವನು ಅಂಗಡಿಯ ಬಾಗಿಲಿಗೆ ಒರಗಿ, “ಇವತ್ತು ಮಾಸ್ಟ್ರು ಬಿಚ್ತಾರೋ ಹೊಲೀತಾರೋ ನೋಡೋಣ,” ಎಂದ.

ನೂರಹನ್ನೆರಡು ಮೈಕು ಹಿಡಿದು ಈ ಬೀದಿ ನನ್ನ ಉಸಿರು ಎಂದರು. ಉಸಿರು ಅಷ್ಟಕ್ಕೇ ಕಟ್ಟಿದ್ದರಿಂದ ಸ್ವಲ್ಪ ಹೊತ್ತು ನಿಲ್ಲಿಸಿದರು. “ಇದೇ ಬೀದಿಯಲ್ಲಿ ಹೊಲಿದ ಕೋಟು ಹಾಕ್ಕೊಂಡು ನಾನು ನಿಮ್ಮ ಸೇವೆಗೆ ಹೋದೆ. ಇವತ್ತು ಅದೇ ಕೋಟು, ಅದೇ ಮಾಸ್ಟ್ರು, ಅದೇ ಮಾತು! ತನ್ನಿ ಮಾಸ್ಟ್ರೇ!”

“ಹೌದ್ ಸಾರ್!” ಎಂದು ಹೌದ್ಸಾರ್ ಚಪ್ಪಾಳೆ ಶುರು ಮಾಡಿದ.

ದರ್ಜಿ ಕೋಟನ್ನು ಎರಡೂ ಕೈಯಲ್ಲಿ ಹಿಡಿದು ಕುಂಟುತ್ತಾ ಹೊರಗೆ ಬಂದ. ಗಿರಾಕಿಗೆ ಹಿಡಿಯುವ ಹಾಗೆಯೇ ಬೆನ್ನ ಹಿಂದೆ ಹಿಡಿದ. ನೂರಹನ್ನೆರಡು ಬಲತೋಳು ತೂರಿಸಿದರು. ಎಡತೋಳು ಮೊಣಕೈಯವರೆಗೆ ಹೋಗಿ ನಿಂತಿತು. ಹೌದ್ಸಾರ್ ಹಿಂದಿನಿಂದ ನೂಕಿದ. ಮುಂದಿನ ಎರಡು ಅಂಚುಗಳು ಹೊಟ್ಟೆಯ ಆ ಕಡೆಗೊಂದು ಈ ಕಡೆಗೊಂದು ನಿಂತು, ಪರಸ್ಪರ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ದೂರವೇ ಉಳಿದವು.

“ಏನ್ರೀ ಇದು? ದೊಡ್ಡದು ಮಾಡಿ ಅಂದ್ರೆ ಚಿಕ್ಕದು ಮಾಡಿದೀರಾ?” ಮೈಕು ಅವರ ಕೈಯಲ್ಲೇ ಇದ್ದುದರಿಂದ ಮಾತು ಕೆಳಗಿನ ರಸ್ತೆಯವರೆಗೂ ಕೇಳಿಸಿತು.

ದರ್ಜಿ ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಲ್ಲಿ ನಿಂತಿದ್ದಳು, ಇಡೀ ಮೈಯನ್ನು ಅವನ ಕಡೆಗೆ ತಿರುಗಿಸಿ.

“ಚಿಕ್ಕದು ಮಾಡಿಲ್ಲ ಸಾರ್,” ಎಂದ. “ನೀವು ಗೆದ್ದ ದಿನದ ಅಳತೆಗೆ ತಂದಿದೀನಿ. ಮೂವತ್ತನಾಲ್ಕು. ಪುಸ್ತಕದಲ್ಲಿದೆ, ಬೇಕಾದ್ರೆ ನೋಡಿ. ಈ ಬೀದಿ ವೋಟು ಹಾಕಿದ್ದು ಈ ಕೋಟು ಆಗೋ ಮನುಷ್ಯನಿಗೆ. ಅವರು ಎಲ್ಲಾದ್ರೂ ಸಿಕ್ಕಿದ್ರೆ ಕಳಿಸಿಕೊಡಿ. ಅವರು ನಮಗೆ ಒಂದು ಪೈಪು ಬಾಕಿ ಇಟ್ಟಿದಾರೆ.”

ಆಮೇಲೆ ಬೀದಿಯವರ ಕಡೆ ತಿರುಗಿದ. ಅದು ಹೆಚ್ಚು ಕಷ್ಟದ ಮಾತು. “ಆವತ್ತು ನನ್ನ ಮಾತು ಅಂತ ಇಟ್ಕೊಳ್ಳಿ ಅಂದಿದ್ದೆ. ಆ ಮಾತು ನಾನು ಕೊಡಬಾರದಿತ್ತು. ನನ್ನದಲ್ಲದ ಕೆಲಸಕ್ಕೆ ನಾನು ತಾರೀಕು ಹೇಳಿದೆ. ತಪ್ಪಾಯ್ತು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಗಿಲಿಗೆ ಒರಗಿದ್ದ ಗಡಿಯಾರದವನು ನೆಟ್ಟಗೆ ನಿಂತ. ನೂರಹನ್ನೆರಡು ದೊಡ್ಡದಾಗಿ ನಗಲು ಬಾಯಿ ತೆರೆದರು. ತೋಳು ಬೆನ್ನ ಹಿಂದೆ ಸಿಕ್ಕಿಹಾಕಿಕೊಂಡಿದ್ದರಿಂದ ನಗು ಸರಿಯಾಗಿ ಬರಲಿಲ್ಲ.

“ಈ ಕೋಟು ಬಿಚ್ರೋ ಮೊದಲು,” ಎಂದರು.

“ಹೌದ್ ಸಾರ್,” ಎಂದ ಹೌದ್ಸಾರ್. ಆಗ ಬೀದಿಗೆ ಬೀದಿಯೇ ನಕ್ಕಿತು.

ಏಳನೆಯ ಚುನಾವಣೆಯಲ್ಲಿ ಅವರಿಗೆ ಒಟ್ಟು ಸಾವಿರದ ನಾನೂರ ಆರು ವೋಟು ಬಿತ್ತು. ಠೇವಣಿ ಹೋದದ್ದನ್ನು ಈ ಸಲ ಯಾವ ಪತ್ರಿಕೆಯೂ ಬರೆಯಲಿಲ್ಲ. ಸೋಲಿಗೆ ಕೋಟೇ ಕಾರಣ ಎಂದು ಅವರು ಕಾರ್ಯಕರ್ತರಿಗೆ ವಿವರಿಸಿದರಂತೆ. ಕಾರ್ಯಕರ್ತರು ಎಂದರೆ ಹೌದ್ಸಾರ್.

ಆವತ್ತು ಅಂಗಡಿಯಲ್ಲೇ ಬಿಟ್ಟುಹೋದ ಕೋಟನ್ನು ಒಯ್ಯಲು ಯಾರೂ ಬರಲಿಲ್ಲ. ಆರು ತಿಂಗಳಾದರೂ ಒಯ್ಯದ ಬಟ್ಟೆ ಅಂಗಡಿಗೆ ಸೇರಿದ್ದು ಎಂದು ಗೋಡೆಯ ಮೇಲೆ ಮಾವನ ಕಾಲದಿಂದಲೂ ಬರೆದಿತ್ತು. ದರ್ಜಿ ದಿನ ಎಣಿಸಿ ಕಾದ. ಆರು ತಿಂಗಳು ತುಂಬಿದ್ದು ಗುರುವಾರ. ಆ ದಿನ ಕೋಟನ್ನು ಮೇಜಿನ ಮೇಲಿಟ್ಟು ಅಗಲವಾದ ಪಟ್ಟಿಗಳಾಗಿ ಕತ್ತರಿಸಿದ. ಪೆಟ್ಟಿಗೆಯ ತುಂಡನ್ನೂ ಸೇರಿಸಿಕೊಂಡ. ಪಟ್ಟಿಗಳನ್ನು ಸುರುಳಿ ಸುತ್ತಿ, ಒಳಗೆ ಹಳೆಯ ಅಸ್ತರು ತುಂಬಿ, ಬಳೆಯಾಕಾರಕ್ಕೆ ಹೊಲಿದ. ತಲೆಗೂ ಕೊಡಕ್ಕೂ ನಡುವೆ ಇಟ್ಟುಕೊಳ್ಳುವ ಸಿಂಬಿ. ಹನ್ನೊಂದು ಸಿಂಬಿಯಾದವು. ಉಣ್ಣೆ ಒಳ್ಳೆಯ ಜಾತಿಯದು, ಮೆತ್ತಗಿತ್ತು.

ಸಭೆ ಮುಗಿದ ಮೇಲೆ, ನೀರು ಯಾರು ತರಬೇಕೆಂಬ ಮಾತು ಮನೆಯಲ್ಲಿ ಮತ್ತೆ ಎದ್ದಿರಲಿಲ್ಲ. ಪಕ್ಕದ ಮನೆಯ ಸೊಸೆ ತನ್ನ ಕೊಡದ ಜೊತೆ ಕಾಜಾದಕ್ಕನದನ್ನೂ ಹೊತ್ತು ತರಲು ಒಪ್ಪಿದ್ದಳು. ಬದಲಿಗೆ ಅವಳ ರವಿಕೆಗಳು ಹೊಲಿಗೆ ಕೂಲಿಯಿಲ್ಲದೆ ಹೇಳಿದ ದಿನಕ್ಕೆ ಸಿದ್ಧ. ಅವಳು ಬೂದು ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡು ನೋಡಿದಳು.

“ಚೆನ್ನಾಗಿದೆ ಅಕ್ಕ. ಯಾರು ಕೊಟ್ಟಿದ್ದು?”

“ನಮ್ಮ ಶಾಸಕರು,” ಎಂದಳು ಕಾಜಾದಕ್ಕ. “ನೀರಿನ ಕೆಲಸಕ್ಕೆ.”